ದಾಖಲಾತಿ ಇಳಿದಿದೆ ಅಂದರೆ ಇಳಿದದ್ದು ಯಾವುದು?

(ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಸದಸ್ಯರು, ಗ್ರಾಮ ಪಂಚಾಯಿತಿ ಸದಸ್ಯರು ಹಾಗೂ ಶಿಕ್ಷಕರಿಗಾಗಿ ಕೊಪ್ಪಳದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಪ್ರತಿ ವರ್ಷ ಜೂನ್ ಮುಗಿಯುವ ಹೊತ್ತಿಗೆ ಸರ್ಕಾರಿ ಪ್ರಾಥಮಿಕ ಶಾಲೆಗಳ ದಾಖಲಾತಿ ಈ ಸಲವೂ ಇಳಿಯಿತು ಎಂಬ ಸುದ್ದಿ ಬರುತ್ತದೆ. ಅದರ ಬೆನ್ನಿಗೇ ಊರಲ್ಲಿ ಎರಡು ಮಾತು ಹುಟ್ಟುತ್ತವೆ. ‘ಮಂದಿ ಎಲ್ಲಾ ಇಂಗ್ಲಿಷ್ ಮೀಡಿಯಂ ಕಡೆ ಹೋದ್ರು’ ಅನ್ನುವವರು ಕೆಲವರು. ‘ಮಕ್ಕಳೇ ಇಲ್ಲದ ಸಾಲಿ ಯಾಕ ಬೇಕು, ಪಕ್ಕದ ಊರಿನ ಸಾಲಿಗೆ ಕೂಡಿಸ್ರಿ’ ಅನ್ನುವವರು ಇನ್ನು ಕೆಲವರು. ಇಬ್ಬರೂ ಒಂದೇ ಅಂಕಿಯನ್ನು ಹಿಡಿದು ಮಾತಾಡುತ್ತಾರೆ. ಆ ಅಂಕಿ ಯಾಕೆ ಇಳಿಯಿತು ಎಂದು ಇಬ್ಬರೂ ಕೇಳಿರುವುದಿಲ್ಲ.

ದಾಖಲಾತಿ ಇಳಿಯಲು ಕಾರಣ ನಾಲ್ಕು. ಊರಲ್ಲಿ ಹುಟ್ಟುವ ಮಕ್ಕಳೇ ಕಡಿಮೆಯಾಗಿರಬಹುದು. ಮಕ್ಕಳು ಬೇರೆ ಶಾಲೆ ಸೇರಿರಬಹುದು. ಎಣಿಸುವ ರೀತಿ ಬದಲಾಗಿರಬಹುದು. ಇಲ್ಲವೇ ಮಗು ಶಾಲೆಯನ್ನೇ ಬಿಟ್ಟಿರಬಹುದು. ಮೊದಲ ಮೂರರಲ್ಲಿ ಯಾವ ಮಗುವೂ ಓದಿನಿಂದ ಹೊರಗೆ ಬಿದ್ದಿರುವುದಿಲ್ಲ, ನಾಲ್ಕನೆಯದರಲ್ಲಿ ಬಿದ್ದಿರುತ್ತದೆ. ಒಂದೊಂದಕ್ಕೂ ಬೇರೆ ಬೇರೆ ಕೆಲಸ ಆಗಬೇಕು. ರಾಯಚೂರು, ಕೊಪ್ಪಳ, ಬಳ್ಳಾರಿಗಳ ಕಷ್ಟ ಏನೆಂದರೆ, ನಾಲ್ಕನೆಯ ಕಾರಣ ಜೂನ್ ತಿಂಗಳ ದಾಖಲಾತಿ ಅಂಕಿಯಲ್ಲಿ ಕಾಣುವುದೇ ಇಲ್ಲ. ಅದು ಕಾಣುವುದು ನವೆಂಬರ್‌ನಲ್ಲಿ, ಹಾಜರಿ ಪುಸ್ತಕದಲ್ಲಿ. ಹಾಗಾಗಿ ಇವತ್ತಿನ ಮಾತು ಬಹುಪಾಲು ಆ ಪುಸ್ತಕವನ್ನು ಓದುವುದು ಹೇಗೆ ಎಂಬುದರ ಬಗ್ಗೆ.

ಮೊದಲು ಏರಿದ ಕಾಲದ ಬಗ್ಗೆ ನಾಲ್ಕು ಮಾತು. 1994ರಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ, ಅಂದರೆ ಡಿಪಿಇಪಿ ಶುರುವಾದಾಗ ಕರ್ನಾಟಕದಿಂದ ಮೊದಲ ಹಂತಕ್ಕೆ ಆಯ್ಕೆಯಾದದ್ದು ಬೆಳಗಾವಿ, ಕೋಲಾರ, ಮಂಡ್ಯ ಮತ್ತು ರಾಯಚೂರು. ಕೊಪ್ಪಳ ಆಗ ರಾಯಚೂರು ಜಿಲ್ಲೆಯ ಒಳಗೇ ಇತ್ತು. ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಮಹಿಳಾ ಸಾಕ್ಷರತೆ ದೇಶದ ಸರಾಸರಿಗಿಂತ ಕೆಳಗಿರುವ ಜಿಲ್ಲೆಗಳನ್ನು ಆರಿಸುವುದು ಆ ಕಾರ್ಯಕ್ರಮದ ಒಂದು ಅಳತೆಗೋಲು. ಆಮೇಲೆ 2001ರಲ್ಲಿ ಸರ್ವ ಶಿಕ್ಷಣ ಅಭಿಯಾನ ಬಂತು. ಶಾಲೆಯಲ್ಲಿ ಮಕ್ಕಳಿಗೆ ಬೇಯಿಸಿದ ಊಟವನ್ನೇ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ಹೇಳಿತು, 2002ರಲ್ಲಿ ರಾಜ್ಯ ಅಕ್ಷರ ದಾಸೋಹ ಎಂಬ ಬಿಸಿಯೂಟ ಯೋಜನೆಯನ್ನು ಈ ಭಾಗದ ಜಿಲ್ಲೆಗಳಿಂದಲೇ ಆರಂಭಿಸಿತು. 2010ರ ಏಪ್ರಿಲ್ 1ರಿಂದ ಶಿಕ್ಷಣ ಹಕ್ಕು ಕಾಯ್ದೆ ಜಾರಿಯಾಯಿತು. ತಾಂಡಾ, ದೊಡ್ಡಿ, ಕ್ಯಾಂಪುಗಳಂಥ ಸಣ್ಣ ವಸತಿಗಳಿಗೆ ಶಾಲೆ ಬಂದದ್ದು, ಒಂದನೇ ತರಗತಿಗೆ ಹೆಣ್ಣುಮಕ್ಕಳ ಹೆಸರು ಬಂದದ್ದು ಈ ಇಪ್ಪತ್ತು ವರ್ಷಗಳಲ್ಲಿ. ಇದು ಸಣ್ಣ ಸಾಧನೆಯಲ್ಲ. 2011ರ ಜನಗಣತಿಯಲ್ಲೂ ರಾಯಚೂರಿನ ಸಾಕ್ಷರತೆ ಶೇ. 59.56, ಕೊಪ್ಪಳದ್ದು ಶೇ. 68.09, ಆಗಿನ ಅವಿಭಜಿತ ಬಳ್ಳಾರಿಯದ್ದು ಶೇ. 67.43, ರಾಜ್ಯದ್ದು ಶೇ. 75.36. ಅಂದರೆ ಇವತ್ತು ಶಾಲೆಗೆ ಬರುತ್ತಿರುವ ಬಹಳ ಮಕ್ಕಳ ಮನೆಯಲ್ಲಿ ಓದು ಕಲಿತ ಮೊದಲ ತಲೆಮಾರು ಆ ಮಕ್ಕಳೇ. ಆ ಮನೆಗಳಲ್ಲಿ ಒಮ್ಮೆ ಕೈತಪ್ಪಿದ ಮಗುವನ್ನು ಮತ್ತೆ ಶಾಲೆಗೆ ತರುವುದು ಎಷ್ಟು ಕಷ್ಟ ಎಂದು ಇಲ್ಲಿ ಕೂತವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಅಂಕಿಗೆ ಬರೋಣ. ದಾಖಲಾತಿಯನ್ನು ಶೇಕಡಾವಾರು ಹೇಳುವಾಗ ಎರಡು ಬಗೆ ಇವೆ. ಒಟ್ಟು ದಾಖಲಾತಿ ಅನುಪಾತ ಒಂದು, ನಿವ್ವಳ ದಾಖಲಾತಿ ಅನುಪಾತ ಇನ್ನೊಂದು. ಒಂದು ಊರನ್ನು ಲೆಕ್ಕಕ್ಕಾಗಿ ಇಟ್ಟುಕೊಳ್ಳಿ. ಊರಲ್ಲಿ 6ರಿಂದ 10 ವಯಸ್ಸಿನ ಮಕ್ಕಳು 200. ಶಾಲೆಯಲ್ಲಿ 1ರಿಂದ 5ನೇ ತರಗತಿಗೆ ದಾಖಲಾದವರು 210. ಒಟ್ಟು ಅನುಪಾತ ಶೇ. 105. ಸಭೆಯಲ್ಲಿ ಈ ಅಂಕಿ ಓದಿದರೆ ‘ನೂರಕ್ಕೂ ಹೆಚ್ಚು’ ಎಂದು ಚಪ್ಪಾಳೆ ಬೀಳುತ್ತದೆ. ಆದರೆ ಆ 210ರಲ್ಲಿ 25 ಮಕ್ಕಳು ಐದು ವರ್ಷದವರೋ, ಹನ್ನೊಂದು ದಾಟಿದವರೋ ಆಗಿದ್ದರೆ, ಸರಿಯಾದ ವಯಸ್ಸಿನವರು 185 ಮಾತ್ರ. ನಿವ್ವಳ ಅನುಪಾತ ಶೇ. 92.5. ಊರಿನ 15 ಮಕ್ಕಳು ಈ ಶಾಲೆಯ ಪುಸ್ತಕದಲ್ಲಿ ಇಲ್ಲ. ಅವರು ಖಾಸಗಿ ಶಾಲೆಯಲ್ಲಿ ಇದ್ದಾರೋ, ಐದು ದಾಟಿ ಆಗಲೇ ಆರನೇ ತರಗತಿಗೆ ಹೋಗಿದ್ದಾರೋ, ಹತ್ತಿ ಹೊಲದಲ್ಲಿ ಇದ್ದಾರೋ ಎಂದು ಹೆಸರು ಹಿಡಿದು ಹುಡುಕಬೇಕು. ಶೇ. 105 ಎಂಬ ಅಂಕಿ ಆ ಹುಡುಕಾಟವನ್ನೇ ನಿಲ್ಲಿಸಿಬಿಡುತ್ತದೆ.

ವಯಸ್ಸಿನ ಲೆಕ್ಕದಲ್ಲಿ ನಮ್ಮ ಕಡೆ ಇನ್ನೊಂದು ತೊಡಕಿದೆ. ಪ್ರವೇಶ ಪುಸ್ತಕ ತೆಗೆದು ಹುಟ್ಟಿದ ದಿನಾಂಕದ ಸಾಲಿನ ಮೇಲೆ ಬೆರಳಾಡಿಸಿ: ಜೂನ್ 1, ಜೂನ್ 1, ಜೂನ್ 1. ಜನನ ಪ್ರಮಾಣ ಪತ್ರ ಇಲ್ಲದ ಮಗುವಿಗೆ ಶಾಲೆ ಸೇರಲು ಹೊಂದುವ ದಿನಾಂಕ ಬರೆದುಕೊಂಡು ಬಂದ ಹಳೆಯ ರೂಢಿ ಇದು. ಪ್ರಮಾಣ ಪತ್ರ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆಯ 14ನೇ ಸೆಕ್ಷನ್ ಹೇಳುತ್ತದೆ, ಅದು ಸರಿಯೇ. ಆದರೆ ಬರೆಯುವಾಗ ತಾಯಿ ಕಾರ್ಡ್, ಅಂಗನವಾಡಿ ದಾಖಲೆ, ಆಶಾ ಕಾರ್ಯಕರ್ತೆಯ ಪುಸ್ತಕ ಇವುಗಳನ್ನು ನೋಡಿ ನಿಜವಾದ ದಿನಾಂಕ ಬರೆದರೆ ಮುಂದೆ ಆಧಾರ್ ಜೊತೆ ತಾಳೆಯಾಗದೆ ಒದ್ದಾಡುವುದು ತಪ್ಪುತ್ತದೆ. ಈ ಒದ್ದಾಟದ ವಿಷಯ ಮುಂದೆ ಬರುತ್ತದೆ.

ಮೊದಲ ಕಾರಣ, ಹುಟ್ಟುವ ಮಕ್ಕಳು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣುಮಗಳಿಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಹಾಗೇ ನಿಲ್ಲಲು 2.1 ಬೇಕು. ಅಂದರೆ ಒಂದನೇ ತರಗತಿಗೆ ಬರುವ ಮಕ್ಕಳು ಇಡೀ ರಾಜ್ಯದಲ್ಲಿ ಕಡಿಮೆಯಾಗುತ್ತಲೇ ಹೋಗುತ್ತಾರೆ, ಶಾಲೆ ಎಷ್ಟೇ ಚೆನ್ನಾಗಿರಲಿ. ಇದನ್ನು ಊರ ಮಟ್ಟದಲ್ಲಿ ಆರು ವರ್ಷ ಮೊದಲೇ ತಿಳಿಯಬಹುದು. ಅಂಗನವಾಡಿ ಕಾರ್ಯಕರ್ತೆಯ ಪುಸ್ತಕದಲ್ಲಿ ವರ್ಷವಾರು ಎಷ್ಟು ಮಕ್ಕಳಿದ್ದಾರೆ ಎಂದು ಬರೆದುಕೊಳ್ಳಿ. ಜನನ ನೋಂದಣಿಯ ಲೆಕ್ಕವನ್ನಷ್ಟೇ ನಂಬಬೇಡಿ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವುದು ನಮ್ಮ ರೂಢಿ. ಕೂಸು ಹುಟ್ಟಿದ್ದು ಸಿಂಧನೂರಿನ ಆಸ್ಪತ್ರೆಯಲ್ಲಿ, ಬೆಳೆಯುವುದು ಕುಷ್ಟಗಿಯ ಹಳ್ಳಿಯಲ್ಲಿ. ನೋಂದಣಿ ಹುಟ್ಟಿದ ಕಡೆ ಇರುತ್ತದೆ, ಶಾಲೆಗೆ ಬರುವುದು ಬೆಳೆದ ಕಡೆ. ಅಂಗನವಾಡಿಯ ಪುಸ್ತಕ ಬೆಳೆಯುತ್ತಿರುವ ಊರನ್ನು ತೋರಿಸುತ್ತದೆ. ಹೋದ ವರ್ಷ ಐದು ತುಂಬಿದ ಮಕ್ಕಳು 38, ಈ ವರ್ಷ ಒಂದನೇ ತರಗತಿಗೆ ಬಂದವರು 36 ಎಂದಾದರೆ, ಐದು ವರ್ಷದ ಹಿಂದೆ 60 ಬರುತ್ತಿದ್ದರು ಎಂದು ಶಿಕ್ಷಕರನ್ನು ದೂರುವುದರಲ್ಲಿ ಅರ್ಥವಿಲ್ಲ.

ಇದರ ಜೊತೆಗೇ ವಯೋಮಿತಿ. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂದು ರಾಜ್ಯ 2022ರಲ್ಲಿ ಆದೇಶ ಮಾಡಿತು, 2025-26ರಿಂದ ಜಾರಿ ಎಂದಿತು. ಪೋಷಕರ ಒತ್ತಾಯದಿಂದ ಆ ಒಂದು ವರ್ಷಕ್ಕೆ 5 ವರ್ಷ 5 ತಿಂಗಳಿಗೆ ಸಡಿಲಿಸಿತು. ಇಂಥ ನಿಯಮ ಜಾರಿಗೆ ಬಂದ ವರ್ಷ ಏನಾಗುತ್ತದೆ ಎಂದು ಲೆಕ್ಕ ಹಾಕಿ. 5 ವರ್ಷ 5 ತಿಂಗಳಿಂದ 6 ವರ್ಷಕ್ಕೆ ಏರಿದರೆ ಏಳು ತಿಂಗಳ ಅವಧಿಯಲ್ಲಿ ಹುಟ್ಟಿದ ಮಕ್ಕಳು ಒಂದು ವರ್ಷ ಮುಂದಕ್ಕೆ ಹೋಗುತ್ತಾರೆ. ಆ ವರ್ಷದ ಒಂದನೇ ತರಗತಿ ಅರ್ಧಕ್ಕಿಂತ ಚಿಕ್ಕದಾಗಬಹುದು. ಮರುವರ್ಷ ಅದೇ ಚಿಕ್ಕ ತಂಡ ಎರಡನೆಯದಕ್ಕೆ, ಆಮೇಲೆ ಮೂರನೆಯದಕ್ಕೆ ಹೋಗುತ್ತದೆ. ಐದು ವರ್ಷ ಶಾಲೆಯ ಒಟ್ಟು ಅಂಕಿ ಕಡಿಮೆ ಕಾಣುತ್ತದೆ. ಒಂದು ಮಗುವೂ ಕಳೆದುಹೋಗಿರುವುದಿಲ್ಲ. ಶಾಲೆ ಮುಚ್ಚುವ, ಕೂಡಿಸುವ ಪಟ್ಟಿ ಮಾಡುವವರು ಇದನ್ನು ಗಮನಿಸದಿದ್ದರೆ ದೊಡ್ಡ ಅನ್ಯಾಯವಾಗುತ್ತದೆ.

ಎರಡನೆಯದು, ಖಾಸಗಿ ಶಾಲೆ. ಇದರ ಬಗ್ಗೆ ಎಲ್ಲರೂ ಬೇಕಾದಷ್ಟು ಮಾತಾಡಿರುವುದರಿಂದ ಎರಡು ಸಂಗತಿ ಮಾತ್ರ ಹೇಳುತ್ತೇವೆ. ಮಗು ಖಾಸಗಿ ಶಾಲೆಗೆ ಹೋಗುವುದು ಒಂದನೇ ತರಗತಿಯಲ್ಲಿ ಅಲ್ಲ, ಎಲ್‌ಕೆಜಿಯಲ್ಲಿ, ಮೂರೂವರೆ ನಾಲ್ಕು ವರ್ಷಕ್ಕೆ. ಜೂನ್ ತಿಂಗಳಲ್ಲಿ ಬ್ಯಾನರ್ ಹಿಡಿದು ಜಾಥಾ ಹೊರಡುವ ಹೊತ್ತಿಗೆ ಆ ಮನೆಯವರು ತೀರ್ಮಾನ ಮಾಡಿ ಎರಡು ವರ್ಷ ಆಗಿರುತ್ತದೆ. ಮಾತಾಡಬೇಕಾದದ್ದು ಅಂಗನವಾಡಿಯಲ್ಲಿ ಮೂರು ವರ್ಷದ ಮಕ್ಕಳ ತಾಯಂದಿರ ಜೊತೆ. ಸರ್ಕಾರಿ ಶಾಲೆಯಲ್ಲೇ ಎಲ್‌ಕೆಜಿ, ಯುಕೆಜಿ ಶುರುವಾದ ಕಡೆ ಒಂದನೇ ತರಗತಿ ತುಂಬಲು ಇದೇ ಕಾರಣ. ಇನ್ನೊಂದು, ಶಿಕ್ಷಣ ಹಕ್ಕು ಕಾಯ್ದೆಯಂತೆ ಖಾಸಗಿ ಶಾಲೆಗಳು ಬಡ, ಹಿಂದುಳಿದ ಮಕ್ಕಳಿಗೆ ಮೀಸಲಿಡಬೇಕಾದ ಶೇ. 25ರ ಸೀಟು. 2019ರ ಆರಂಭದಲ್ಲಿ ರಾಜ್ಯ ನಿಯಮ ತಿದ್ದಿತು; ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಕೊಡಬೇಕಿಲ್ಲ ಎಂದಾಯಿತು. ಅಲ್ಲಿಂದ ಆಚೆ ಖಾಸಗಿ ಶಾಲೆಗೆ ಹೋದ ಮಕ್ಕಳು ಬಹುಪಾಲು ಮನೆಯವರೇ ಶುಲ್ಕ ಕಟ್ಟಿ ಕಳಿಸಿದವರು. ಹೀಗಾಗಿ ಬರಗಾಲ ಬಂದ ವರ್ಷ, ಬೆಳೆಯ ಬೆಲೆ ಬಿದ್ದ ವರ್ಷ ಅವರಲ್ಲಿ ಕೆಲವರು ಮರಳಿ ಬರುತ್ತಾರೆ. ಕೊರೊನಾ ಕಾಲದಲ್ಲಿ ಇದು ಇಡೀ ದೇಶದಲ್ಲೇ ಕಂಡಿತು: ಅಸರ್ ಎಂಬ ಗ್ರಾಮೀಣ ಶಿಕ್ಷಣ ಸಮೀಕ್ಷೆಯಲ್ಲಿ ಗ್ರಾಮೀಣ ಭಾರತದ 6ರಿಂದ 14ರ ಮಕ್ಕಳಲ್ಲಿ ಸರ್ಕಾರಿ ಶಾಲೆಯಲ್ಲಿದ್ದವರು 2018ರಲ್ಲಿ ಶೇ. 65.6, 2022ರಲ್ಲಿ ಶೇ. 72.9, 2024ರಲ್ಲಿ ಮತ್ತೆ ಶೇ. 66.8. ಏರಿದ್ದಕ್ಕೂ ಇಳಿದದ್ದಕ್ಕೂ ಮನೆಯ ಆದಾಯವೇ ದೊಡ್ಡ ಕಾರಣ ಎಂಬುದು ನಮ್ಮ ಅಭಿಪ್ರಾಯ.

ಮೂರನೆಯದು ಎಣಿಕೆ. ದೇಶದ ಶಾಲಾ ದಾಖಲಾತಿ ಯು-ಡೈಸ್, ಅಂದರೆ ಎಲ್ಲ ಶಾಲೆಗಳೂ ಮಾಹಿತಿ ತುಂಬುವ ಕೇಂದ್ರದ ದಾಖಲೆಯ ಲೆಕ್ಕದಲ್ಲಿ 2021-22ರಲ್ಲಿ ಸುಮಾರು 26.5 ಕೋಟಿ ಇತ್ತು, 2023-24ರಲ್ಲಿ 24.8 ಕೋಟಿ ಆಯಿತು. ಕೋಟಿಗೂ ಮಿಕ್ಕಿ ಮಕ್ಕಳು ಎರಡೇ ವರ್ಷದಲ್ಲಿ ಮಾಯವಾದರು ಎಂದು ಗಾಬರಿಯಾದವರು ಬಹಳ. ನಡುವೆ ನಡೆದದ್ದು ಏನೆಂದರೆ, 2022-23ರಿಂದ ಶಾಲೆಗಳು ತರಗತಿಯ ಒಟ್ಟು ಸಂಖ್ಯೆ ತುಂಬುವ ಬದಲು ಒಂದೊಂದು ಮಗುವಿನ ಹೆಸರು ತುಂಬಬೇಕಾಯಿತು. ಎರಡು ಕಡೆ ಹೆಸರಿದ್ದ ಮಗು ಒಂದೇ ಕಡೆ ಉಳಿಯಿತು. ಹಾಗಂತ ಇಳಿದದ್ದೆಲ್ಲ ಸುಳ್ಳು ಹೆಸರು ಎಂದು ಹೇಳಲು ಬರುವುದಿಲ್ಲ. ಹುಟ್ಟುವ ಮಕ್ಕಳು ಕಡಿಮೆಯಾದದ್ದೂ ಅದರಲ್ಲಿ ಇದೆ. ಹಳೆಯ ಲೆಕ್ಕವನ್ನೂ ಹೊಸ ಲೆಕ್ಕವನ್ನೂ ಒಂದೇ ಗೆರೆಯಲ್ಲಿಟ್ಟು ಹೋಲಿಸುವುದು ಮಾತ್ರ ತಪ್ಪು.

ಎರಡು ಕಡೆ ಹೆಸರು ಯಾಕೆ ಇರುತ್ತಿತ್ತು? ಮಗು ಖಾಸಗಿ ಶಾಲೆಗೋ ಪರವೂರಿಗೋ ಹೋಗಿರುತ್ತದೆ, ವರ್ಗಾವಣೆ ಪತ್ರ ಒಯ್ದಿರುವುದಿಲ್ಲ. ನವೋದಯ, ಮೊರಾರ್ಜಿ ಪರೀಕ್ಷೆಯ ಕೋಚಿಂಗ್‌ಗೆ ಸೇರಿದ ನಾಲ್ಕು, ಐದನೇ ತರಗತಿಯ ಮಗುವಿನ ಹೆಸರು ಹಳ್ಳಿಯ ಸರ್ಕಾರಿ ಶಾಲೆಯಲ್ಲೇ ಉಳಿದಿರುತ್ತದೆ. ಇದರ ಹಿಂದೆ ಶಿಕ್ಷಕ ಹುದ್ದೆಯ ಲೆಕ್ಕವೂ ಇದೆ. ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು, 121ರಿಂದ 200ಕ್ಕೆ ಐವರು; 150 ದಾಟಿದರೆ ಮುಖ್ಯ ಶಿಕ್ಷಕರೂ ಬೇಕು. 61 ಇದ್ದದ್ದು 60 ಆದರೆ ಒಂದು ಹುದ್ದೆ ಹೆಚ್ಚುವರಿ ಎಂದಾಗುತ್ತದೆ. ಐದು ತರಗತಿಯನ್ನು ಇಬ್ಬರು ನಡೆಸುವುದು, ಅದರಲ್ಲಿ ಒಬ್ಬರು ಬಿಸಿಯೂಟದ ಲೆಕ್ಕ, ಮೊಟ್ಟೆಯ ಬಿಲ್ಲು, ಆನ್‌ಲೈನ್ ಎಂಟ್ರಿ, ಕ್ಲಸ್ಟರ್ ಸಭೆ ಎಂದು ಓಡಾಡುವುದು ಏನೆಂದು ಶಿಕ್ಷಕರಿಗೆ ಗೊತ್ತು. ಒಂದು ಹೆಸರನ್ನು ಅಳಿಸಲು ಕೈ ಹಿಂಜರಿದರೆ ಅಚ್ಚರಿಯಲ್ಲ. ಆದರೆ ಅಳಿಸದ ಆ ಹೆಸರು ನಿಜವಾಗಿ ಶಾಲೆ ಬಿಟ್ಟ ಮಗುವನ್ನೂ ಮರೆಮಾಡುತ್ತದೆ. ಪುಸ್ತಕದಲ್ಲಿ ಇರುವ ಮಗುವನ್ನು ಯಾರೂ ಹುಡುಕಿಕೊಂಡು ಹೋಗುವುದಿಲ್ಲ.

ಈಗ ನಾಲ್ಕನೆಯ ಕಾರಣ.

ನಮ್ಮ ಜಿಲ್ಲೆಗಳಲ್ಲಿ ಮಗು ಶಾಲೆ ಬಿಡುವುದು ಒಂದು ದಿನದ ಘಟನೆ ಅಲ್ಲ. ಅದಕ್ಕೆ ಬೆಳೆಯ ಪಂಚಾಂಗ ಇದೆ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆ ಬೀಜೋತ್ಪಾದನೆಯ ಹೊಲಗಳಲ್ಲಿ ಮುಂಗಾರಿನ ನಡುವಿನಿಂದ ಕ್ರಾಸಿಂಗ್ ಕೆಲಸ. ಸಂಜೆ ಮೊಗ್ಗಿನ ಕೇಸರ ತೆಗೆಯುವುದು, ಮರುದಿನ ಬೆಳಗ್ಗೆ ಪರಾಗ ಹಚ್ಚುವುದು. ಬೆಳಗಿನ ಆ ಕೆಲಸ ನೇರವಾಗಿ ಪ್ರಾರ್ಥನೆಯ ಹೊತ್ತಿಗೆ, ಮೊದಲ ಎರಡು ಅವಧಿಗೆ ಅಡ್ಡ ಬರುತ್ತದೆ. ರಾಯಚೂರು, ಮಾನ್ವಿ, ದೇವದುರ್ಗ, ಸಿರವಾರ ಕಡೆ ಅಕ್ಟೋಬರ್‌ನಿಂದ ಹತ್ತಿ ಬಿಡಿಸುವುದು. ಬೆಳಗ್ಗೆ ಕೂಲಿಯವರನ್ನು ಒಯ್ಯುವ ಟಂಟಂ ಗಾಡಿ ಊರಿಗೆ ಬರುತ್ತದೆ, ಕಿಲೋ ಲೆಕ್ಕದ ಕೂಲಿ. ಕಿಲೋ ಲೆಕ್ಕ ಅಂದ ಮೇಲೆ ಹತ್ತು ವರ್ಷದ ಮಗುವಿನ ಕೈಯೂ ಮನೆಯ ಲೆಕ್ಕಕ್ಕೆ ಸೇರುತ್ತದೆ. ಜನವರಿಯಿಂದ ಬಳ್ಳಾರಿ, ಕುರುಗೋಡು, ಸಿರುಗುಪ್ಪ ಕಡೆ ಮೆಣಸಿನಕಾಯಿ ಹರಿಯುವುದು. ಇವು ಊರಲ್ಲೇ ಇದ್ದು ಶಾಲೆ ತಪ್ಪಿಸುವ ಮಕ್ಕಳ ಕತೆ.

ಗುಳೆ ಹೋಗುವವರದು ಬೇರೆ. ತುಂಗಭದ್ರಾ ಕಾಲುವೆಯ ನೀರು ತಲುಪುವ ಗಂಗಾವತಿ, ಕಾರಟಗಿ, ಸಿಂಧನೂರಿನ ಊರುಗಳಿಗಿಂತ, ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರು, ದೇವದುರ್ಗದ ಹಳ್ಳಿ ತಾಂಡಾಗಳಲ್ಲಿ ಇದು ಹೆಚ್ಚು. ಮುಂಗಾರು ಬೆಳೆ ಮನೆಗೆ ಬಂದ ಮೇಲೆ, ದೀಪಾವಳಿ ಮುಗಿಸಿ ಬೆಂಗಳೂರು, ಗೋವಾ, ಪುಣೆ, ಮಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೊರಡುತ್ತಾರೆ. ಮರಳುವುದು ಯುಗಾದಿಗೆ. ಶಾಲೆಯ ವರ್ಷ ಜೂನ್‌ನಿಂದ ಏಪ್ರಿಲ್ ಮೊದಲ ವಾರದವರೆಗೆ. ನವೆಂಬರ್‌ನಲ್ಲಿ ಹೋದ ಮಗು ಮಾರ್ಚ್ ಕೊನೆಗೆ ಬಂದರೆ ಅರ್ಧ ವರ್ಷ ಹೋಯಿತು. 1ರಿಂದ 5ನೇ ತರಗತಿಗೆ ಕನಿಷ್ಠ 200 ಕೆಲಸದ ದಿನ, 800 ಗಂಟೆ ಪಾಠ ಆಗಬೇಕು ಎಂದು ಕಾಯ್ದೆ ಹೇಳುತ್ತದೆ. ಈ ಮಗುವಿಗೆ ಸಿಕ್ಕದ್ದು ಅದರ ಅರ್ಧ. ಮರುವರ್ಷ ಮುಂದಿನ ತರಗತಿಗೆ ಹೋಗುತ್ತದೆ, ಮತ್ತೆ ಅರ್ಧ ವರ್ಷ. ಹೀಗೆ ಐದನೇ ತರಗತಿ ಮುಗಿಯುವ ಹೊತ್ತಿಗೆ ಎರಡೂವರೆ ವರ್ಷದ ಓದು ಆಗಿರುತ್ತದೆ. ಜೂನ್‌ನಲ್ಲಿ ಪ್ರತಿ ವರ್ಷವೂ ಅದರ ಹೆಸರು ಪುಸ್ತಕದಲ್ಲಿ ಇತ್ತು. ಐದು ಸಲ ದಾಖಲಾಯಿತು, ಐದು ಸಲ ಅಂಕಿಯಲ್ಲಿ ಸೇರಿತು. ಊರಲ್ಲಿ ಕಿರಿಯ ಪ್ರಾಥಮಿಕ ಶಾಲೆ ಮಾತ್ರ ಇದ್ದರೆ ಆರನೇ ತರಗತಿಗೆ ಬೇರೆ ಊರಿಗೆ ಹೋಗಬೇಕು. ಓದಲು ಸರಿಯಾಗಿ ಬಾರದ ಮಗು ಅಲ್ಲಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ನಾಚಿ ಕೂರುವುದಕ್ಕಿಂತ ಕೆಲಸಕ್ಕೆ ಹೋಗುವುದೇ ಲೇಸು ಎಂದುಕೊಳ್ಳುತ್ತದೆ. ಲೆಕ್ಕದಲ್ಲಿ ಆ ಮಗು ಶಾಲೆ ಬಿಟ್ಟದ್ದು ಐದರ ನಂತರ. ನಿಜವಾಗಿ ಅದು ಕೈತಪ್ಪಿದ್ದು ಎರಡನೇ ತರಗತಿಯ ನವೆಂಬರ್‌ನಲ್ಲಿ.

ಇದನ್ನು ಶಾಲೆಯ ಪುಸ್ತಕಗಳಲ್ಲೇ ಹಿಡಿಯಬಹುದು, ಯಾವ ಹೊಸ ಸಮೀಕ್ಷೆಯೂ ಬೇಡ. ಒಂದು ಮಧ್ಯಾಹ್ನ ಸಾಕು.

ನಾಲ್ಕು ವರ್ಷದ ಹಿಂದೆ ಒಂದನೇ ತರಗತಿಗೆ ಸೇರಿದವರ ಪಟ್ಟಿಯನ್ನು ಪ್ರವೇಶ ಪುಸ್ತಕದಿಂದ ತೆಗೆಯಿರಿ. ಲೆಕ್ಕಕ್ಕೆ 40 ಹೆಸರು ಅನ್ನೋಣ. ಈಗ ಐದನೇ ತರಗತಿಯಲ್ಲಿ 36 ಮಕ್ಕಳಿದ್ದಾರೆ. ನಾಲ್ಕೇ ಮಕ್ಕಳು ಕಡಿಮೆ ಎಂದು ಸಮಾಧಾನವಾಗುತ್ತದೆ. ಹೆಸರಿಗೆ ಹೆಸರು ಇಟ್ಟು ನೋಡಿ. ಆ 36ರಲ್ಲಿ 9 ಮಕ್ಕಳು ನಡುವೆ ಬೇರೆ ಕಡೆಯಿಂದ ಬಂದು ಸೇರಿದವರಾಗಿದ್ದರೆ, ಮೊದಲಿನ 40ರಲ್ಲಿ ಉಳಿದವರು 27. ಹೋದವರು 13. ಒಟ್ಟು ಸಂಖ್ಯೆ ನೋಡಿದರೆ ಇದು ಎಂದಿಗೂ ತಿಳಿಯುವುದಿಲ್ಲ. ಬಂದವರು ಹೋದವರನ್ನು ಮುಚ್ಚಿಬಿಟ್ಟಿರುತ್ತಾರೆ. ಈಗ ಆ 13 ಹೆಸರಿನ ಎದುರು ಕಾರಣ ಬರೆಯಿರಿ. ವರ್ಗಾವಣೆ ಪತ್ರ ಒಯ್ದು ಬೇರೆ ಶಾಲೆ ಸೇರಿದವರು ಯಾರು? ಅಜ್ಜಿಯ ಊರಿಗೆ ಹೋಗಿ ಅಲ್ಲಿ ಓದುತ್ತಿರುವವರು ಯಾರು? ಪತ್ರ ಒಯ್ಯದೆ ಹೋದವರು ಯಾರು? ಕೊನೆಯ ಗುಂಪೇ ನಮಗೆ ಬೇಕಾದದ್ದು.

ಆಮೇಲೆ ಹಾಜರಿ ಪುಸ್ತಕ. ತಿಂಗಳ ಸರಾಸರಿ ಹಾಜರಿ ಶೇ. 80 ಎಂದು ಬರೆಯುವುದರಿಂದ ಏನೂ ಗೊತ್ತಾಗುವುದಿಲ್ಲ. ನೂರು ಮಕ್ಕಳಲ್ಲಿ ಎಲ್ಲರೂ ಆಗಾಗ ತಪ್ಪಿಸಿದರೂ 80 ಬರುತ್ತದೆ, 80 ಮಕ್ಕಳು ದಿನವೂ ಬಂದು 20 ಮಕ್ಕಳು ಒಂದು ದಿನವೂ ಬಾರದಿದ್ದರೂ ಅದೇ 80. ಎರಡನೆಯದು ಗುಳೆ. ಆದ್ದರಿಂದ ಪ್ರತಿ ತಿಂಗಳು ಎರಡೇ ಸಂಖ್ಯೆ ಬರೆದಿಡಿ: ಶಾಲೆ ನಡೆದ ದಿನಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಬಂದ ಮಕ್ಕಳು ಎಷ್ಟು, ಸತತ ಏಳು ದಿನ ಬಾರದ ಮಕ್ಕಳು ಎಷ್ಟು. ಜೂನ್, ಸೆಪ್ಟೆಂಬರ್, ಡಿಸೆಂಬರ್, ಫೆಬ್ರವರಿ, ಈ ನಾಲ್ಕು ತಿಂಗಳು ಪಕ್ಕಪಕ್ಕ ಇಟ್ಟರೆ ನಿಮ್ಮ ಊರಿನ ಬೆಳೆ ಪಂಚಾಂಗ ಆ ಸಾಲಿನಲ್ಲಿ ಕಾಣುತ್ತದೆ. ಯು-ಡೈಸ್‌ನ ಲೆಕ್ಕಕ್ಕೆ ಸೆಪ್ಟೆಂಬರ್ 30 ಆಧಾರ ದಿನಾಂಕವಾಗಿ ಬಂದಿರುವುದನ್ನು ನೆನಪಿಡಿ; ದೀಪಾವಳಿಯ ನಂತರ ಹೊರಡುವ ಮಕ್ಕಳೆಲ್ಲ ಆ ದಿನ ಶಾಲೆಯಲ್ಲೇ ಇರುತ್ತಾರೆ.

ಹಾಜರಿ ಪುಸ್ತಕದ ಮೇಲೆ ಅನುಮಾನ ಬಂದರೆ ಅಡುಗೆ ಕೋಣೆಗೆ ಹೋಗಿ. 1ರಿಂದ 5ನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ. 6ರಿಂದ 8ಕ್ಕೆ 150 ಗ್ರಾಂ ಅಕ್ಕಿ, 30 ಗ್ರಾಂ ಬೇಳೆ. ಹಾಜರಿಯಲ್ಲಿ 1ರಿಂದ 5ಕ್ಕೆ 100 ಮಕ್ಕಳು ಎಂದಿದ್ದು, ಅಡುಗೆಯವರು ದಿನವೂ ಆರೂವರೆ ಕಿಲೋ ಅಕ್ಕಿ ಹಾಕಿದರೆ ಸಾಕಾಗುತ್ತದೆ ಅಂದರೆ, ಊಟಕ್ಕೆ ಕೂರುವವರು ಸುಮಾರು 65. ಮನೆಯಿಂದ ಬುತ್ತಿ ತರುವವರು, ಕಡಿಮೆ ಉಣ್ಣುವ ಸಣ್ಣ ಮಕ್ಕಳು ಇರುತ್ತಾರೆ, ಹಾಗಾಗಿ ಇದನ್ನು ಅಳತೆಗೆ ಅಳತೆ ಹಿಡಿದು ಜಗಳಕ್ಕೆ ನಿಲ್ಲಬಾರದು. ಆದರೆ ಜುಲೈನಲ್ಲಿ ಒಂಬತ್ತು ಕಿಲೋ ಬೇಯುತ್ತಿದ್ದದ್ದು ಡಿಸೆಂಬರ್‌ನಲ್ಲಿ ಆರಕ್ಕೆ ಬಂದರೆ ಅದು ಮಕ್ಕಳ ಲೆಕ್ಕವೇ. ಅಡುಗೆಯವರಿಗೆ ಯಾವ ಮನೆಯ ಮಗು ಎಷ್ಟು ದಿನದಿಂದ ಬಂದಿಲ್ಲ ಎಂಬುದು ಹೆಸರು ಸಮೇತ ಗೊತ್ತಿರುತ್ತದೆ. ಸಮಿತಿಯ ಸಭೆಗೆ ಅವರನ್ನೂ ಕರೆದು ಕೂರಿಸಿ.

ಇನ್ನು ಮಾಡಬೇಕಾದ ಕೆಲಸ. ಮಾಡಬೇಕಾದ ತಿಂಗಳು ಜೂನ್ ಅಲ್ಲ, ಆಗಸ್ಟ್. ಹೋದ ವರ್ಷ ಗುಳೆ ಹೋದ ಮನೆಗಳ ಪಟ್ಟಿ ನಿಮ್ಮ ಹತ್ತಿರ ಇದ್ದರೆ ಈ ವರ್ಷ ಹೋಗುವವರಲ್ಲಿ ಬಹುಪಾಲು ಅದರಲ್ಲೇ ಇರುತ್ತಾರೆ. ಪ್ರತಿ ಮನೆಗೂ ಕೇಳಬೇಕಾದದ್ದು ಒಂದೇ: ಮಗುವನ್ನು ಬಿಟ್ಟು ಹೋಗಲು ಯಾರಾದರೂ ಇದ್ದಾರೆಯೇ? ಅಜ್ಜಿ ಇದ್ದರೆ ಅರ್ಧ ಕೆಲಸ ಮುಗಿಯಿತು. ಆ ಮಗುವಿಗೆ ರಾತ್ರಿಯ ಊಟ, ಜ್ವರ ಬಂದಾಗ ನೋಡುವವರು, ಇಷ್ಟರ ಖಾತ್ರಿ ಬೇಕು. ಯಾರೂ ಇಲ್ಲದ ಮಕ್ಕಳಿಗೆ ಋತುಮಾನದ ವಸತಿ ನಿಲಯ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಇದಕ್ಕೆ ಅವಕಾಶ ಇದೆ. ಇದು ಕೆಡುವುದು ಯಾವಾಗಲೂ ಒಂದೇ ಕಡೆ: ಬೇಡಿಕೆ ಕಳಿಸುವುದು ನವೆಂಬರ್‌ನಲ್ಲಿ, ಮಂಜೂರಾತಿ ಬರುವುದು ಜನವರಿಯಲ್ಲಿ, ಅಷ್ಟರಲ್ಲಿ ಮಕ್ಕಳು ಬೆಂಗಳೂರಿನ ಶೆಡ್ಡಿನಲ್ಲಿರುತ್ತಾರೆ. ಹೆಸರು, ತರಗತಿ, ವಿದ್ಯಾರ್ಥಿಯ ಸ್ಯಾಟ್ಸ್ ಸಂಖ್ಯೆ (ರಾಜ್ಯದ ದಾಖಲೆಯಲ್ಲಿ ಮಗುವಿನ ಗುರುತಿನ ಸಂಖ್ಯೆ), ಹೊರಡುವ ತಿಂಗಳು ಬರೆದ ಪಟ್ಟಿ ಸಮಿತಿಯ ಠರಾವಿನೊಂದಿಗೆ ಆಗಸ್ಟ್ ಕೊನೆಗೇ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿ ಸೇರಬೇಕು. ಹೆಣ್ಣುಮಕ್ಕಳನ್ನು ಬಿಟ್ಟು ಹೋಗಲು ತಾಯಿ ಒಪ್ಪಬೇಕಾದರೆ ರಾತ್ರಿ ಅಲ್ಲೇ ಇರುವ, ಊರವರಿಗೆ ಪರಿಚಯದ ಹೆಣ್ಣುಮಗಳೊಬ್ಬಳು ಇರಬೇಕು. ಬಾಗಿಲಿಗೆ ಒಳಗಿನಿಂದ ಚಿಲಕ, ಶೌಚಾಲಯಕ್ಕೆ ನೀರು ಮತ್ತು ದೀಪ. ಇವು ಇಲ್ಲದಿದ್ದರೆ ನಿಲಯ ಕಾಗದದ ಮೇಲೆ ಮಾತ್ರ ನಡೆಯುತ್ತದೆ.

ಎಷ್ಟೇ ಮಾಡಿದರೂ ಕೆಲವು ಮಕ್ಕಳು ಹೋಗುತ್ತಾರೆ. ಅವರನ್ನು ಬರಿಗೈಯಲ್ಲಿ ಕಳಿಸಬೇಡಿ. ಶಾಲೆಯ ಹೆಸರು, 11 ಅಂಕಿಯ ಯು-ಡೈಸ್ ಸಂಖ್ಯೆ, ಮಗುವಿನ ಸ್ಯಾಟ್ಸ್ ಮತ್ತು ಪೆನ್ ಸಂಖ್ಯೆ (ಯು-ಡೈಸ್‌ನಲ್ಲಿ ಮಗುವಿಗಿರುವ ಶಾಶ್ವತ ಸಂಖ್ಯೆ), ತರಗತಿ, ಕನ್ನಡ ಓದು ಮತ್ತು ಲೆಕ್ಕದಲ್ಲಿ ಎಲ್ಲಿಗೆ ಬಂದಿದೆ ಎಂಬ ಎರಡು ಸಾಲು, ಮುಖ್ಯ ಶಿಕ್ಷಕರ ಫೋನ್ ಸಂಖ್ಯೆ. ಒಂದು ಹಾಳೆ, ಶಾಲೆಯ ಮೊಹರು. ತಾಯಿಯ ಮೊಬೈಲಿನಲ್ಲಿ ಅದರ ಫೋಟೊ ಇರಲಿ. ಹಾಳೆ ಕಳೆದರೂ ಫೋಟೊ ಉಳಿಯುತ್ತದೆ. ಹೋದ ಕಡೆ ಯಾವ ಸರ್ಕಾರಿ ಶಾಲೆಯೂ ‘ವರ್ಗಾವಣೆ ಪತ್ರ ಇಲ್ಲ, ಸೇರಿಸಿಕೊಳ್ಳುವುದಿಲ್ಲ’ ಎನ್ನುವಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಅದನ್ನು ತಡೆಯುತ್ತದೆ. ‘ವರ್ಷದ ನಡುವೆ ಬಂದಿದ್ದೀರಿ’ ಎನ್ನುವಂತೆಯೂ ಇಲ್ಲ. ಅದಕ್ಕೆ 15ನೇ ಸೆಕ್ಷನ್ ಇದೆ. ಈ ಎರಡು ಸಂಖ್ಯೆ ಹಾಳೆಯ ಕೆಳಗೆ ಬರೆದಿರಲಿ. ಬೆಂಗಳೂರಿಗೆ ಹೋದ ಮಗುವಿಗೆ ಕನ್ನಡ ಶಾಲೆ ಸಿಗುತ್ತದೆ. ಗೋವಾ, ಪುಣೆಗೆ ಹೋದವರಿಗೆ ಮಾಧ್ಯಮವೇ ಬೇರೆ. ಆ ಮಕ್ಕಳನ್ನು ಊರಲ್ಲೇ ಉಳಿಸಿಕೊಳ್ಳಲು ಮೊದಲ ಆದ್ಯತೆ ಕೊಡಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಆಗ ಹೇಳಿದ ಆಧಾರ್ ಒದ್ದಾಟ ಇಲ್ಲಿ ಬರುತ್ತದೆ. ಊರ ಶಾಲೆಯಲ್ಲಿ ‘ಲಕ್ಷ್ಮೀ’, ಆಧಾರ್‌ನಲ್ಲಿ ‘ಲಕ್ಷ್ಮವ್ವ’. ಇಲ್ಲಿ ಜೂನ್ 1, ಅಲ್ಲಿ ಜನವರಿ 1. ಹೊಸ ಶಾಲೆಯವರು ಹುಡುಕಿದರೆ ಮಗು ಸಿಗುವುದಿಲ್ಲ, ಹೊಸ ಮಗು ಎಂದು ಸೇರಿಸಲೂ ಆಗುವುದಿಲ್ಲ. ಹಳೆಯ ಶಾಲೆಯ ಲೆಕ್ಕದಲ್ಲಿ ಅದು ಡ್ರಾಪ್ ಬಾಕ್ಸ್‌ನಲ್ಲಿ, ಅಂದರೆ ಶಾಲೆ ಬಿಟ್ಟು ಇನ್ನೊಂದು ಶಾಲೆಯ ಲೆಕ್ಕಕ್ಕೆ ಸೇರದವರ ಪಟ್ಟಿಯಲ್ಲಿ, ಉಳಿಯುತ್ತದೆ, ಹೊಸ ಶಾಲೆಯಲ್ಲಿ ಹೆಸರಿಲ್ಲದೆ ಕೂರುತ್ತದೆ, ಪುಸ್ತಕವೂ ಸಮವಸ್ತ್ರವೂ ಬರುವುದಿಲ್ಲ. ತಿದ್ದುಪಡಿಗೆ ಸಮಯ ಇರುವುದು ಮಗು ಊರಲ್ಲಿರುವ ಜೂನ್‌ನಿಂದ ಅಕ್ಟೋಬರ್ ಒಳಗೆ. ಗುಳೆ ಮನೆಗಳ ಮಕ್ಕಳ ಹೆಸರು, ದಿನಾಂಕಗಳನ್ನು ಮೊದಲು ತಾಳೆ ನೋಡಿ, ಉಳಿದವರದ್ದು ಆಮೇಲೆ ಆದರೂ ನಡೆಯುತ್ತದೆ.

ಕೂಲಿಗೆ ಹೋಗುವ ಮಕ್ಕಳ ವಿಷಯದಲ್ಲಿ ತಂದೆ ತಾಯಿಯನ್ನು ಬೈಯುವುದರಿಂದ ಪ್ರಯೋಜನ ಕಂಡಿಲ್ಲ. ಹದಿನಾಲ್ಕರೊಳಗಿನ ಮಗುವನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು 2016ರ ತಿದ್ದುಪಡಿಯ ನಂತರ ಎಲ್ಲ ಕೆಲಸಗಳಲ್ಲೂ ಅಪರಾಧ. ಶಾಲೆಯ ಹೊತ್ತು ಮುಗಿದ ಮೇಲೆ ಮನೆಯವರಿಗೆ ಕೈಜೋಡಿಸುವುದು, ನಿಯಮಕ್ಕೆ ಒಳಪಟ್ಟ ಬಾಲ ಕಲಾವಿದರ ಕೆಲಸ, ಇವಷ್ಟೇ ಇದಕ್ಕೆ ಹೊರತು. ಈ ಮಾತನ್ನು ಹೇಳಬೇಕಾದದ್ದು ಮೇಸ್ತ್ರಿಗೆ, ಟಂಟಂ ಓಡಿಸುವವರಿಗೆ, ಹೊಲದ ಮಾಲೀಕರಿಗೆ. ಹತ್ತಿ ಬಿಡಿಸುವುದು ಶುರುವಾಗುವ ಮೊದಲೇ ಗ್ರಾಮ ಪಂಚಾಯಿತಿಯಿಂದ ಡಂಗುರ ಹಾಕಿಸಿ, ಮಕ್ಕಳನ್ನು ಹತ್ತಿಸಿಕೊಂಡು ಹೋದರೆ 1098ಕ್ಕೆ ಕರೆ ಹೋಗುತ್ತದೆ ಎಂದು ತಿಳಿಸಿ. ಜೊತೆಗೆ ಅಂಗನವಾಡಿ ಎಷ್ಟು ಹೊತ್ತಿಗೆ ತೆರೆಯುತ್ತದೆ, ಎಷ್ಟಕ್ಕೆ ಮುಚ್ಚುತ್ತದೆ ಎಂದು ನೋಡಿ. ಬೆಳಗ್ಗೆ ಏಳಕ್ಕೆ ತಾಯಿ ಕೂಲಿಗೆ ಹೋದರೆ, ತಮ್ಮನನ್ನು ಎತ್ತಿಕೊಂಡು ಮನೆಯಲ್ಲಿ ಉಳಿಯುವವಳು ಮೂರನೇ ತರಗತಿಯ ಅಕ್ಕ. ಆ ಹುಡುಗಿಯ ಗೈರುಹಾಜರಿಗೆ ಮದ್ದು ಶಾಲೆಯಲ್ಲಿ ಇಲ್ಲ, ‘ಕೂಸಿನ ಮನೆ’ ಎಂಬ ಪಂಚಾಯಿತಿಯ ಶಿಶುಪಾಲನಾ ಕೇಂದ್ರದಲ್ಲಿದೆ.

ಶಾಲೆ ಕೂಡಿಸುವ ಪ್ರಸ್ತಾಪ ಬಂದ ಊರಿನವರು ಇವತ್ತು ಇಲ್ಲಿದ್ದರೆ ಅವರಿಗೆ ಒಂದು ಮಾತು. ಸುಮ್ಮನೆ ಬೇಡ ಎಂದು ಧರಣಿ ಕೂರುವ ಮೊದಲು ನಾಲ್ಕೂ ಕಾರಣದ ಲೆಕ್ಕ ಬರೆದು ಒಯ್ಯಿರಿ: ಅಂಗನವಾಡಿಯಲ್ಲಿ ವರ್ಷವಾರು ಮಕ್ಕಳು ಎಷ್ಟು, ಖಾಸಗಿಗೆ ಹೋದವರು ಎಷ್ಟು, ಹೆಸರು ಎರಡು ಕಡೆ ಇದ್ದು ತೆಗೆದವರು ಎಷ್ಟು, ಗುಳೆಗೆ ಹೋದವರು ಎಷ್ಟು. 1ರಿಂದ 5ನೇ ತರಗತಿಗೆ ಒಂದು ಕಿಲೋಮೀಟರ್ ಒಳಗೆ ಶಾಲೆ ಇರಬೇಕು ಎಂಬುದು ನಿಯಮ. ದೊಡ್ಡಿಯಿಂದ ಪಕ್ಕದ ಊರಿಗೆ ನಕ್ಷೆಯಲ್ಲಿ ಒಂದು ಕಿಲೋಮೀಟರ್ ಇದ್ದು ನಡುವೆ ಹಳ್ಳ ಹರಿಯುತ್ತಿದ್ದರೆ, ಮಳೆಗಾಲದಲ್ಲಿ ಸುತ್ತಿ ಹೋಗುವ ದಾರಿಯನ್ನು ಅಳೆದು ಬರೆಯಿರಿ.

ಯುಗಾದಿಗೆ ಮರಳಿದ ಮಗುವಿನ ವಿಷಯ ಹೇಳಿ ಮುಗಿಸುತ್ತೇವೆ. ಅದನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು, ಹಿಂದುಳಿದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು ಎಂದು 4ನೇ ಸೆಕ್ಷನ್ ಹೇಳುತ್ತದೆ. ನಿಯಮದಲ್ಲಿ ಆ ತರಬೇತಿಗೆ ಕನಿಷ್ಠ ಮೂರು ತಿಂಗಳು, ಗರಿಷ್ಠ ಎರಡು ವರ್ಷ ಅವಧಿ ಇದೆ. ಬೇಸಿಗೆ ರಜೆ ಶುರುವಾಗುವ ಹೊತ್ತಿಗೆ ಮಗು ಬರುವುದರಿಂದ ಈ ತರಬೇತಿ ಬಹಳ ಕಡೆ ಆಗುವುದೇ ಇಲ್ಲ, ಜೂನ್‌ನಲ್ಲಿ ಮಗು ನೇರ ಮುಂದಿನ ತರಗತಿಯಲ್ಲಿ ಕೂರುತ್ತದೆ. ಮಾರ್ಚ್ ಕೊನೆಗೆ ಬಂದ ವಾರವೇ ಶಿಕ್ಷಕರು ಆ ಮಗುವಿನಿಂದ ಒಂದು ಪುಟ ಓದಿಸಿ, ಎರಡಂಕಿಯ ಕೂಡುವ ಕಳೆಯುವ ಲೆಕ್ಕ ಮಾಡಿಸಿ, ಬಂದದ್ದು ಬಾರದ್ದು ಬರೆದಿಡಲಿ. ಏಪ್ರಿಲ್, ಮೇ ತಿಂಗಳಲ್ಲಿ ಊರಿನ ಗ್ರಂಥಾಲಯವನ್ನೋ ಸಮುದಾಯ ಭವನವನ್ನೋ ಬೆಳಗಿನ ಎರಡು ಗಂಟೆ ತೆರೆಸುವುದು ಪಂಚಾಯಿತಿಯ ಕೈಯಲ್ಲಿದೆ. ಪಿಯುಸಿ, ಡಿಗ್ರಿ ಓದುವ ಊರ ಹುಡುಗಿಯರು ಆ ಹೊತ್ತಿನಲ್ಲಿ ಮನೆಯಲ್ಲಿರುತ್ತಾರೆ. ಹತ್ತು ಮಕ್ಕಳಿಗೆ ಒಬ್ಬರಂತೆ ಕೂರಿಸಿದರೆ ಜೂನ್ ಬರುವುದರೊಳಗೆ ನಲವತ್ತು ಬೆಳಗು ಸಿಗುತ್ತವೆ. ಶಿಕ್ಷಕರು ಬರೆದಿಟ್ಟ ಆ ಚೀಟಿ ಮೊದಲ ದಿನವೇ ಆ ಹುಡುಗಿಯರ ಕೈಯಲ್ಲಿರಲಿ.